ದಿವಾಳಿಯಾದ ಮೇಲೂ ಊರು ಕಟ್ಟಿದವನು

1796ರ ಜನವರಿಯಲ್ಲಿ ಬಾಸ್ಟನ್ನಿನ ಚಾರ್ಲ್ಸ್ ಬುಲ್‌ಫಿಂಚ್ ದಿವಾಳಿಯಾದ. ಆಗ ಅವನಿಗೆ 32 ವರ್ಷ. ಅಪ್ಪನ ಕಡೆಯಿಂದ ಬಂದದ್ದು, ಹೆಂಡತಿಯ ಕಡೆಯಿಂದ ಬಂದದ್ದು, ತಾನೇ ಕಟ್ಟಿಸಿದ್ದು, ಎಲ್ಲವನ್ನೂ ಸಾಲ ಕೊಟ್ಟವರಿಗೆ ಬಿಟ್ಟುಕೊಟ್ಟ. ಅದೇ ಊರಿನ ಬೀಕನ್ ಗುಡ್ಡದ ಮೇಲೆ ಅವನದೇ ಪ್ಲಾನಿನಂತೆ ಮ್ಯಾಸಚೂಸೆಟ್ಸ್ ಸ್ಟೇಟ್ ಹೌಸ್, ಅಂದರೆ ರಾಜ್ಯದ ಶಾಸನಸಭೆ ಸೇರುವ ಕಟ್ಟಡದ ಕೆಲಸ ಶುರುವಾಗಿ ಆರು ತಿಂಗಳಾಗಿತ್ತು ಅಷ್ಟೇ. 1795ರ ಜುಲೈ 4ರಂದು ಗವರ್ನರ್ ಸ್ಯಾಮುಯೆಲ್ ಆಡಮ್ಸ್ ಅದಕ್ಕೆ ಅಡಿಗಲ್ಲು ಹಾಕಿದ್ದ, ಜೊತೆಗೆ ಪಾಲ್ ರಿವಿಯರ್ ಇದ್ದ. ಸರ್ಕಾರದ ಕಟ್ಟಡ ಏಳುತ್ತಿತ್ತು. ಅದರ ನಕ್ಷೆ ಹಾಕಿದವನ ಸಂಸಾರ ಬೀದಿಗೆ ಬಂದಿತ್ತು.

ಅಮೆರಿಕದವರು ಬುಲ್‌ಫಿಂಚ್‌ನನ್ನು ನೆನೆಯುವುದು ಆರ್ಕಿಟೆಕ್ಟ್ ಅಂತ. ಆ ದೇಶದಲ್ಲೇ ಹುಟ್ಟಿ ಆ ಕೆಲಸವನ್ನೇ ಕಸುಬು ಮಾಡಿಕೊಂಡ ಮೊದಲಿಗರಲ್ಲಿ ಒಬ್ಬ ಅಂತ ಅವನ ಹೆಸರು ಬರುತ್ತದೆ. ಅದು ನಿಜವೇ. ಆದರೆ ಅದಕ್ಕೂ ಮೊದಲು ಅವನು ಜಾಗ ಹಿಡಿದು, ಷೇರು ಮಾರಿ, ಸಾಲುಮನೆ ಕಟ್ಟಿಸಿ, ಗಿರಾಕಿ ಹುಡುಕಿದವನು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಡೆವಲಪರ್. ನನಗೆ ಅವನ ಈ ಅರ್ಧ ಜೀವನವೇ ಜಾಸ್ತಿ ಕಾಡುತ್ತದೆ. ಸೋತದ್ದು ಇಲ್ಲಿ, ಹಾಗಾಗಿ ಇದರ ಬಗ್ಗೆ ಮಾತು ಕಡಿಮೆ.

ಅವನು ಹುಟ್ಟಿದ್ದು 1763ರಲ್ಲಿ, ಅನುಕೂಲವಂತರ ಮನೆಯಲ್ಲಿ. ಅಪ್ಪ ಡಾಕ್ಟರು. ಅಮ್ಮ ಸೂಸನ್ ಬಾಸ್ಟನ್ನಿನ ದೊಡ್ಡ ವ್ಯಾಪಾರಿ ಚಾರ್ಲ್ಸ್ ಆಪ್ತಾರ್ಪ್‌ನ ಮಗಳು. ಹುಡುಗ ಹಾರ್ವರ್ಡಿನಲ್ಲಿ ಓದಿ 1781ರಲ್ಲಿ ಹೊರಬಂದ. 1785ರಲ್ಲಿ ಯೂರೋಪು ನೋಡಲು ಹೋದ. ಪ್ಯಾರಿಸ್ಸಿನಲ್ಲಿ ಆಗ ಅಮೆರಿಕದ ರಾಯಭಾರಿಯಾಗಿದ್ದವನು ಥಾಮಸ್ ಜೆಫರ್ಸನ್. ಯಾವ ದಾರಿಯಲ್ಲಿ ಹೋಗಬೇಕು, ಏನೇನು ನೋಡಬೇಕು ಅಂತ ಜೆಫರ್ಸನ್ ಹೇಳಿಕೊಟ್ಟ. ಇವನು ಫ್ರಾನ್ಸಿನ ದಕ್ಷಿಣಕ್ಕೆ ಹೋದ, ಇಟಲಿಗೆ ಹೋದ, ಇಂಗ್ಲೆಂಡನ್ನು ಸುತ್ತಿದ. ಇಂಗ್ಲೆಂಡಿನ ಬಾತ್ ಊರಿನಲ್ಲಿ ರಾಯಲ್ ಕ್ರೆಸೆಂಟ್ ಅಂತ ಇದೆ. 30 ಮನೆಗಳು, ಒಂದಕ್ಕೊಂದು ಅಂಟಿಕೊಂಡು, ಅರ್ಧಚಂದ್ರದ ಹಾಗೆ ಬಾಗಿ ನಿಂತಿವೆ. ದೂರದಿಂದ ಒಂದೇ ಅರಮನೆ ಅನ್ನಿಸುತ್ತದೆ, ಹತ್ತಿರ ಹೋದರೆ ಮನೆಗೊಂದು ಬಾಗಿಲು. ಆಗ ಅದು ಕಟ್ಟಿ ಮುಗಿದು ಹತ್ತು ಹನ್ನೆರಡು ವರ್ಷ ಆಗಿತ್ತು. ಈ ತರಹದ ಮನೆಗಳ ಗುಂಗು ಹಿಡಿಸಿಕೊಂಡೇ ಅವನು 1787ರಲ್ಲಿ ಬಾಸ್ಟನ್ನಿಗೆ ಮರಳಿದ.

ಬಂದವನೇ ಎರಡು ಕೆಲಸಕ್ಕೆ ಕೈಹಾಕಿದ. ಒಂದು, ಕೊಲಂಬಿಯಾ ಅನ್ನುವ ಹಡಗಿನ ಪಾಲು. ಜೋಸೆಫ್ ಬ್ಯಾರೆಲ್ ಎಂಬ ವ್ಯಾಪಾರಿಯ ಜೊತೆ ಸೇರಿ ಕೆಲವರು ದುಡ್ಡು ಹಾಕಿದರು. ಆ ಹಡಗು ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗಿ ತುಪ್ಪಳ ಕೊಂಡು, ಚೀನಾದ ಕ್ಯಾಂಟನ್ನಿನಲ್ಲಿ ಅದನ್ನು ಕೊಟ್ಟು ಚಹಾ ತುಂಬಿಕೊಂಡು, 1790ರಲ್ಲಿ ಬಾಸ್ಟನ್ನಿಗೆ ವಾಪಸು ಬಂತು. ಭೂಮಿಯನ್ನು ಸುತ್ತಿ ಬಂದ ಮೊದಲ ಅಮೆರಿಕನ್ ಹಡಗು ಅದು. ಹೆಸರು ಬಂತು, ಲಾಭ ಮಾತ್ರ ಅಷ್ಟಕ್ಕಷ್ಟೇ. ಎರಡನೆಯದು, ಊರಿನವರಿಗೆ ಮನೆ, ಚರ್ಚು ಅಂತ ನಕ್ಷೆ ಹಾಕಿಕೊಡುವುದು. ಅದಕ್ಕೆ ದುಡ್ಡು ಕೇಳುತ್ತಿರಲಿಲ್ಲ. ದೊಡ್ಡ ಮನೆತನದ ಹುಡುಗ, ಆಸಕ್ತಿಗೆ ಮಾಡುತ್ತಿದ್ದ.

1788ರಲ್ಲಿ ಮದುವೆಯಾಯಿತು. ಹುಡುಗಿ ಹ್ಯಾನಾ ಆಪ್ತಾರ್ಪ್. ನಮ್ಮ ಲೆಕ್ಕದಲ್ಲಿ ಸೋದರಮಾವನ ಮಗಳು. ಚಿಕ್ಕ ವಯಸ್ಸಿಗೇ ತಂದೆತಾಯಿಯನ್ನು ಕಳೆದುಕೊಂಡಿದ್ದಳು. ಅವಳ ಹೆಸರಿನಲ್ಲೂ ಒಳ್ಳೆಯ ಆಸ್ತಿ ಇತ್ತು.

ಈಗ ಆ ಸಾಲುಮನೆಗಳ ವಿಷಯ.

ಬಾಸ್ಟನ್ನಿನ ಮಧ್ಯದಲ್ಲೇ ಬ್ಯಾರೆಲ್‌ಗೆ ಸೇರಿದ ಒಂದು ಜೌಗು ಜಾಗ ಇತ್ತು. 1793ರಲ್ಲಿ ಬುಲ್‌ಫಿಂಚ್, ವಿಲಿಯಂ ಸ್ಕಾಲೆ, ಚಾರ್ಲ್ಸ್ ವಾನ್ ಈ ಮೂವರು ಸೇರಿ ಅಲ್ಲಿ ಹೊಸ ಬಡಾವಣೆ ಮಾಡಲು ಹೊರಟರು. ಬಾಸ್ಟನ್ನಿನಲ್ಲಿ ಆಗ ಇದ್ದದ್ದು ಹೆಚ್ಚಾಗಿ ಮರದ ಮನೆಗಳು, ಒಂದೊಂದೂ ಬೇರೆ ಬೇರೆ. ಇವರ ಯೋಜನೆ ಇಟ್ಟಿಗೆಯ 16 ಮನೆಗಳ ಒಂದೇ ಸಾಲು. ಮೂರು ಅಂತಸ್ತು. ಉದ್ದ 480 ಅಡಿ. ಸಾಲು ನೇರ ಅಲ್ಲ, ಬಾಗಿದ್ದು. ಎದುರಿಗೆ ಮೊಟ್ಟೆಯಾಕಾರದ ತೋಟ, ತೋಟದ ಆಚೆ ಜೋಡಿಮನೆಗಳ ಇನ್ನೊಂದು ಸಾಲು. ಜಾಗಕ್ಕೆ ಫ್ರಾಂಕ್ಲಿನ್ ಪ್ಲೇಸ್ ಅಂತ ಹೆಸರಿಟ್ಟರು. ಬಾಸ್ಟನ್ನಿನಲ್ಲೇ ಹುಟ್ಟಿದ್ದ ಬೆಂಜಮಿನ್ ಫ್ರಾಂಕ್ಲಿನ್ ತೀರಿಕೊಂಡು ಆಗ ಮೂರು ವರ್ಷ. ತೋಟದ ನಡುವೆ ಅವನ ನೆನಪಿಗೆ ಕಲ್ಲಿನ ದೊಡ್ಡ ಕಲಶವೊಂದನ್ನು ನಿಲ್ಲಿಸಿದರು.

ಬಾಗಿದ ಸಾಲಿನ ಸರಿಯಾಗಿ ಮಧ್ಯದಲ್ಲಿ ಎತ್ತರದ ಒಂದು ಕಮಾನು. ಅದರ ಕೆಳಗೆ ಬೀದಿ ಹಾದುಹೋಗುತ್ತಿತ್ತು. ಕಮಾನಿನ ಮೇಲೆ ದೊಡ್ಡ ಕಿಟಕಿಯ ಕೋಣೆ. ಆ ಕೋಣೆಯನ್ನು ಮಾರಿದ್ದರೆ ದುಡ್ಡು ಬರುತ್ತಿತ್ತು. ಬಾಡಿಗೆಗೆ ಕೊಟ್ಟಿದ್ದರೂ ಬರುತ್ತಿತ್ತು. ಮಾಲೀಕರು ಅದನ್ನು ಬಾಸ್ಟನ್ ಲೈಬ್ರರಿ ಸೊಸೈಟಿಗೆ ಸುಮ್ಮನೆ ಕೊಟ್ಟುಬಿಟ್ಟರು. ಅದರ ಮೇಲಿನ ಅಟ್ಟದ ಕೋಣೆ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಗೆ. ಆ ಸೊಸೈಟಿ ಹುಟ್ಟಿ ಆಗಿನ್ನೂ ಎರಡು ಮೂರು ವರ್ಷ. ಅಂದರೆ ಇಡೀ ಬಡಾವಣೆಯಲ್ಲಿ ಎಲ್ಲಕ್ಕಿಂತ ಎದ್ದು ಕಾಣುವ ಜಾಗದಲ್ಲಿ ಪುಸ್ತಕ ಮತ್ತು ಹಳೇ ಕಾಗದಪತ್ರ. ಬಡಾವಣೆ ಮಾಡುವವರು ಇವತ್ತು ಅಂಥ ಜಾಗದಲ್ಲಿ ಏನು ಇಡುತ್ತಾರೆ ಅಂತ ಯೋಚಿಸಿದಾಗಲೆಲ್ಲ ನನಗೆ ಈ ಮನುಷ್ಯನ ಮೇಲೆ ಪ್ರೀತಿ ಉಕ್ಕುತ್ತದೆ.

ದುಡ್ಡು ಹೊಂದಿಸಲು ಅವರು ಆರಿಸಿಕೊಂಡ ದಾರಿಯ ಹೆಸರು ಟಾಂಟೈನ್. ಅದರಿಂದಲೇ ಮನೆಗಳಿಗೆ ಟಾಂಟೈನ್ ಕ್ರೆಸೆಂಟ್ ಅನ್ನುವ ಹೆಸರು ಬಂತು. ಇದು ನಮ್ಮ ಚೀಟಿ ವ್ಯವಹಾರದ ಹಾಗೆ ಹಲವರು ಸೇರಿ ದುಡ್ಡು ಹಾಕುವ ಏರ್ಪಾಡು. ಆದರೆ ಚೀಟಿಯಲ್ಲಿ ಒಬ್ಬೊಬ್ಬರ ಸರದಿಯೂ ಬರುತ್ತದೆ. ಟಾಂಟೈನಿನಲ್ಲಿ ಹಾಗಲ್ಲ. ಪಾಲುದಾರರು ಒಬ್ಬೊಬ್ಬರಾಗಿ ತೀರಿಕೊಂಡ ಹಾಗೆ ಅವರ ಪಾಲು ಬದುಕಿರುವವರಿಗೆ ಸೇರುತ್ತದೆ. ಕೊನೆಗೆ ಉಳಿದವರಿಗೆ ದೊಡ್ಡ ಗಂಟು. ಹೀಗೆ ಷೇರು ಮಾರಬೇಕಾದರೆ ರಾಜ್ಯದ ಶಾಸನಸಭೆ ಕಂಪನಿಗೆ ಒಪ್ಪಿಗೆ ಪತ್ರ ಕೊಡಬೇಕಿತ್ತು. ಶಾಸನಸಭೆ ಕೊಡಲಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು ಅಲ್ವಾ? ಬುಲ್‌ಫಿಂಚ್ ನಿಲ್ಲಿಸಲಿಲ್ಲ. ಕಟ್ಟುತ್ತಲೇ ಹೋದ. ಅಷ್ಟರಲ್ಲಿ ಇಂಗ್ಲೆಂಡಿನ ಜೊತೆ ಮತ್ತೆ ಯುದ್ಧ ಆಗಬಹುದು ಅನ್ನುವ ಭಯ ಹಬ್ಬಿತು. ಆ ಯುದ್ಧ ತಪ್ಪಿಸಲು ಇಂಗ್ಲೆಂಡಿನ ಜೊತೆ ಮಾಡಿಕೊಂಡ ಜೇ ಒಪ್ಪಂದದ ಗಲಾಟೆಯ ಕಾಲ ಅದು. ಬಾಸ್ಟನ್ನಿನವರು ಬದುಕುತ್ತಿದ್ದದ್ದೇ ಹಡಗು ವ್ಯಾಪಾರದಿಂದ. ಹಡಗು ನಿಲ್ಲಬಹುದು ಅನ್ನಿಸಿದ ಕೂಡಲೇ ದುಡ್ಡಿದ್ದವರು ಕೈ ಬಿಗಿ ಹಿಡಿದರು. ಮನೆಗಳು ಅಂದುಕೊಂಡ ವೇಗದಲ್ಲಿ, ಅಂದುಕೊಂಡ ಬೆಲೆಗೆ ಹೋಗಲಿಲ್ಲ. ಪಾಲುದಾರರು ಹಿಂದೆ ಸರಿದರು. ಅವರ ಪಾಲನ್ನೂ ಬುಲ್‌ಫಿಂಚ್ ತನ್ನ ತಲೆಗೇ ಕಟ್ಟಿಕೊಂಡ. ಕೆಲಸ ಅರ್ಧಕ್ಕೆ ನಿಲ್ಲಬಾರದು ಅನ್ನುವ ಒಂದೇ ಹಟ.

ಮನೆಗಳೇನೋ ಮುಗಿದವು. ಅವನು ಮುಳುಗಿದ. ತನಗಾಗಲೀ ತನ್ನ ಕೆಲಸ ನೋಡಿಕೊಳ್ಳುತ್ತಿದ್ದವರಿಗಾಗಲೀ ಇಂಥ ವ್ಯವಹಾರದ ಅನುಭವ ಇರಲಿಲ್ಲ ಅಂತ ಅವನೇ ಆಮೇಲೆ ಬರೆದುಕೊಂಡಿದ್ದಾನೆ. ಬೇರೆಯವರ ಮೇಲೆ ದೂರು ಹೇಳಲಿಲ್ಲ.

ಅದೇ ಹೊತ್ತಿಗೆ ಬಾಸ್ಟನ್ನಿನಲ್ಲಿ ಇನ್ನೊಂದು ಜಾಗದ ವ್ಯವಹಾರ ನಡೆಯಿತು. ಅದನ್ನು ಇದರ ಪಕ್ಕ ಇಟ್ಟು ನೋಡಬೇಕು. ಹೊಸ ಸ್ಟೇಟ್ ಹೌಸ್ ಬರುವ ಜಾಗದ ಪಕ್ಕದಲ್ಲೇ ಬೀಕನ್ ಗುಡ್ಡದ ಇಳಿಜಾರಿನಲ್ಲಿ ಚಿತ್ರಕಾರ ಜಾನ್ ಸಿಂಗಲ್ಟನ್ ಕಾಪ್ಲಿಯ ಹುಲ್ಲುಗಾವಲು ಇತ್ತು. ಕಾಪ್ಲಿ ಲಂಡನ್ನಿನಲ್ಲಿದ್ದ. ಸ್ಟೇಟ್ ಹೌಸಿಗೆ ಜಾಗ ಕೊಳ್ಳುವ ಸಮಿತಿಯಲ್ಲಿದ್ದವನು ಹ್ಯಾರಿಸನ್ ಗ್ರೇ ಓಟಿಸ್ ಅನ್ನುವ ವಕೀಲ. ಅಲ್ಲಿ ಏನು ಬರುತ್ತದೆ ಅಂತ ಅವನಿಗೆ ಮೊದಲೇ ಗೊತ್ತು. ಓಟಿಸ್, ಜೊನಾಥನ್ ಮೇಸನ್ ಮತ್ತಿತರರು ಸೇರಿ 1795ರಲ್ಲಿ ಕಾಪ್ಲಿಯ ಏಜೆಂಟನ ಮೂಲಕ ಹದಿನೆಂಟೂವರೆ ಎಕರೆಯನ್ನು 18,450 ಡಾಲರಿಗೆ ಕೊಂಡರು. ಎಕರೆಗೆ ಸಾವಿರ ಡಾಲರಿಗಿಂತ ಕಡಿಮೆ. ಸುದ್ದಿ ತಿಳಿದ ಕಾಪ್ಲಿ ವ್ಯವಹಾರ ಮುರಿಸಲು ಮಗನನ್ನೇ ಬಾಸ್ಟನ್ನಿಗೆ ಕಳಿಸಿದ. ಆ ಮಗ ಮುಂದೆ ಇಂಗ್ಲೆಂಡಿನ ಲಾರ್ಡ್ ಛಾನ್ಸಲರ್ ಆದವನು. ಆದರೂ ಏನೂ ನಡೆಯಲಿಲ್ಲ. ಗುಡ್ಡದ ತಲೆ ಕಡಿದು, ಮಣ್ಣನ್ನು ಇಳಿಜಾರಿನಲ್ಲಿ ಸಾಗಿಸಿ, ಕೆಳಗಿನ ನೀರಿನ ಅಂಚನ್ನು ತುಂಬಿಸಿದರು. ಇವತ್ತಿಗೂ ಬಾಸ್ಟನ್ನಿನ ದುಬಾರಿ ಬೀದಿಗಳು ಅಂದರೆ ಅಲ್ಲಿಯವೇ.

ಆ ಕೂಟದಲ್ಲಿ ಮೊದಲಿಗೆ ಬುಲ್‌ಫಿಂಚ್‌ಗೂ ಪಾಲು ಇತ್ತು. ಬೀದಿಗಳ ನಕ್ಷೆಯನ್ನೂ ಹಾಕಿಕೊಟ್ಟಿದ್ದ. ದಿವಾಳಿಯಾದಾಗ ಆ ಪಾಲೂ ಕೈಬಿಟ್ಟಿತು. ಓಟಿಸ್ ಮಾತ್ರ ಬೆಳೆಯುತ್ತಾ ಹೋದ. ಒಂದಾದ ಮೇಲೊಂದರಂತೆ ಮೂರು ಮನೆ ಕಟ್ಟಿಸಿದ. 1796ರಲ್ಲಿ, 1802ರಲ್ಲಿ, 1808ರಲ್ಲಿ. ಮೂರಕ್ಕೂ ನಕ್ಷೆ ಬುಲ್‌ಫಿಂಚ್‌ನದೇ. ಮೂರೂ ಇವತ್ತಿಗೂ ನಿಂತಿವೆ, ಮೊದಲನೆಯದು ಈಗ ಮ್ಯೂಸಿಯಂ. ಒಬ್ಬ ಗಾಳಿ ಎತ್ತ ಬೀಸುತ್ತದೆ ಅಂತ ಮೊದಲೇ ತಿಳಿದು ಜಾಗ ಹಿಡಿದ. ಇನ್ನೊಬ್ಬ ಜೌಗಿನಲ್ಲಿ ಪಾಯ ತೆಗೆದು, ಊರು ಕಂಡರಿಯದ ಮನೆ ಕಟ್ಟಿ, ಜನ ಬಂದೇ ಬರುತ್ತಾರೆ ಅಂತ ಕಾದ. ಲಾಭದ ಲೆಕ್ಕದಲ್ಲಿ ಯಾರು ಜಾಣರು ಅನ್ನುವುದರಲ್ಲಿ ಅನುಮಾನವೇ ಇಲ್ಲ. ಆದರೆ ಊರಿಗೆ ಹೊಸದೇನನ್ನಾದರೂ ಕೊಡುವವರು ಎರಡನೆಯ ಜಾತಿಯವರು ಅಂತಲೇ ನಾನು ನಂಬುತ್ತೇನೆ.

ದಿವಾಳಿಯ ಬಗ್ಗೆ ಬರೆದವರು ಅನೇಕರು ಒಂದು ಮಾತು ಸೇರಿಸುತ್ತಾರೆ. ಅವನು ಸೋತದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಹೊಟ್ಟೆಪಾಡಿಗೆ ಆರ್ಕಿಟೆಕ್ಟ್ ಆಗುತ್ತಿರಲಿಲ್ಲ, ಅಮೆರಿಕಕ್ಕೆ ಇಷ್ಟೊಂದು ಕಟ್ಟಡ ಸಿಗುತ್ತಿರಲಿಲ್ಲ ಅಂತ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಇನ್ನೂರು ವರ್ಷ ಆದ ಮೇಲೆ ಹೀಗೆ ಹೇಳುವುದು ಸುಲಭ. ಆ ಮನೆಯೊಳಗೆ ಹ್ಯಾನಾ ಇದ್ದಳು.

ನಾನು ಕಂಟ್ರಾಕ್ಟರ್ ಮನೆಯಲ್ಲಿ ಬೆಳೆದವಳು. ಬಿಲ್ಲು ಬರುವುದು ಯಾವಾಗಲೋ, ಶನಿವಾರದ ಬಟವಾಡೆ ಮಾತ್ರ ತಪ್ಪುವ ಹಾಗಿಲ್ಲ. ಮೇಸ್ತ್ರಿ, ಗಾರೆಯವರು, ಮಣ್ಣು ಹೊರುವ ಹೆಂಗಸರು ಸಂಜೆ ಜಗಲಿಯಲ್ಲಿ ಬಂದು ಕೂತಿರುತ್ತಿದ್ದರು. ಅಮ್ಮ ಒಳಗಿನಿಂದ ಅಪ್ಪನ ಮುಖ ನೋಡಿಯೇ ಬಳೆ ಬಿಚ್ಚುತ್ತಿದ್ದಳು. ಕಟ್ಟುವವರ ಮನೆಯ ಸಾಲ ಹೇಗಿರುತ್ತದೆ ಅಂತ ನನಗೆ ಗೊತ್ತು. ಅದು ಹೆಂಗಸರ ಮೈಮೇಲಿಂದಲೇ ಮೊದಲು ಇಳಿಯುತ್ತದೆ.

ಹ್ಯಾನಾ ತಂದಿದ್ದೆಲ್ಲ ಹೋಯಿತು. ಅವಳಿಗೆ ಒಟ್ಟು 11 ಮಕ್ಕಳು, ದೊಡ್ಡವರಾಗುವವರೆಗೆ ಉಳಿದದ್ದು 7. ಶ್ರೀಮಂತರ ಮನೆಯ ಹುಡುಗಿ ಉಳಿದ ಬದುಕನ್ನೆಲ್ಲ ಕೈ ಹಿಡಿದು ಖರ್ಚು ಮಾಡುತ್ತಲೇ ಕಳೆದಳು. ಆ ದಿನಗಳ ಬಗ್ಗೆ ಅವಳು ಬರೆದಿಟ್ಟದ್ದರಲ್ಲಿ ಗೋಳು ಇಲ್ಲ. ಗಂಡ ಅಲ್ಲಿಯವರೆಗೆ ಸಂತೋಷಕ್ಕೆ ಮಾಡುತ್ತಿದ್ದ ಕೆಲಸವನ್ನೇ ಇನ್ನು ಮುಂದೆ ಕಸುಬು ಮಾಡಿಕೊಂಡ ಅಂತ ಹೇಳಿದ್ದಾಳೆ, ಅಷ್ಟೇ.

ಕಸುಬು ಮಾಡಿಕೊಂಡ ಅಂದೆ, ಆದರೆ ಅದರಿಂದ ಸಂಸಾರ ಸಾಗುವಷ್ಟು ಬರುತ್ತಿರಲಿಲ್ಲ. ನಕ್ಷೆಗೆ ದುಡ್ಡು ಕೊಡಬೇಕು ಅನ್ನುವ ರೂಢಿಯೇ ಆಗ ಗಟ್ಟಿಯಾಗಿರಲಿಲ್ಲ. ಕಟ್ಟುವವನು ಬಡಗಿ ಇಲ್ಲವೇ ಗಾರೆಯವನು, ಗೆರೆ ಎಳೆದು ಕೊಡುವುದು ಓದಿದವರ ಹವ್ಯಾಸ, ಅಂತ ಜನ ತಿಳಿದಿದ್ದರು. ಸ್ಟೇಟ್ ಹೌಸ್ 1798ರ ಜನವರಿಯಲ್ಲಿ ಬಳಕೆಗೆ ಬಂತು. ಅದರ ಗುಮ್ಮಟಕ್ಕೆ ಮೊದಲು ಇದ್ದದ್ದು ಮರದ ಹಲಗೆ. ಅದು ಸೋರಿತು. 1802ರಲ್ಲಿ ಪಾಲ್ ರಿವಿಯರ್‌ನ ಕಂಪನಿ ತಾಮ್ರದ ತಗಡು ಹೊದಿಸಿತು. ಈಗ ಫೋಟೋಗಳಲ್ಲಿ ಕಾಣುವ ಚಿನ್ನದ ಲೇಪ ಬಂದದ್ದು 1874ರಲ್ಲಿ.

1799ರಲ್ಲಿ ಬಾಸ್ಟನ್ನಿನವರು ಅವನನ್ನು ಮತ್ತೆ ಊರಿನ ಆಡಳಿತ ಮಂಡಳಿಗೆ ಆರಿಸಿದರು. ಅದರ ಅಧ್ಯಕ್ಷನೂ ಆದ. ದಿವಾಳಿಯಾದವನಿಗೆ ಊರಿನ ಚಾವಡಿಯ ದೊಡ್ಡ ಕುರ್ಚಿ! 1817ರವರೆಗೂ ಅವನನ್ನು ಅಲ್ಲಿ ಉಳಿಸಿಕೊಂಡರು. ಜೊತೆಗೆ ಪೊಲೀಸ್ ಮೇಲ್ವಿಚಾರಕನ ಕೆಲಸವೂ ಅವನದೇ, ಅದಕ್ಕೆ ಒಂದಿಷ್ಟು ಸಂಬಳ. 1790ರಲ್ಲಿ ಊರಿನ ಜನಸಂಖ್ಯೆ ಸುಮಾರು 18 ಸಾವಿರ, 1820ರ ಹೊತ್ತಿಗೆ 43 ಸಾವಿರ. ಹಾಗೆ ಉಬ್ಬುತ್ತಿದ್ದ ಊರಿಗೆ ಬೀದಿ, ಮಾರುಕಟ್ಟೆ, ಅನಾಥಾಲಯದಂಥ ಕಟ್ಟಡ ಎಲ್ಲದರಲ್ಲೂ ಇವನ ಕೈ. ಊರಿನ ಸಭೆ, ಮಾರುಕಟ್ಟೆ ನಡೆಯುತ್ತಿದ್ದ ಫ್ಯಾನ್ಯೂಯಲ್ ಹಾಲ್ ಸಾಲದಾದಾಗ ಅದರ ಅಗಲವನ್ನು ಎರಡು ಪಟ್ಟು ಮಾಡಿ ಮೇಲೊಂದು ಅಂತಸ್ತು ಏರಿಸಿದ. ನೋಡಿದರೆ ಹೊಲಿಗೆ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಬಂದರಿನಲ್ಲಿ ಇಂಡಿಯಾ ವಾರ್ಫ್ ಅನ್ನುವ ಕಟ್ಟೆಗೆ 32 ಗೋದಾಮುಗಳ ಉದ್ದ ಸಾಲು ಹಾಕಿಕೊಟ್ಟ. ಬಾಸ್ಟನ್ನಿನ ಹಡಗುಗಳು ಕಲ್ಕತ್ತಾಕ್ಕೆ ಹೋಗಿಬರುತ್ತಿದ್ದ ಕಾಲ ಅದು.

ಮುಂದೆ ಬಾಸ್ಟನ್ನಿನ ಮೇಯರ್ ಆದ ಜೊಸಾಯಾ ಕ್ವಿನ್ಸಿ ಇವನ ಬಗ್ಗೆ ಬರೆಯುತ್ತಾ, ಊರಿನ ಹಣಕಾಸನ್ನು ಸರಿಪಡಿಸಿದ್ದನ್ನು ಎತ್ತಿ ಹೇಳಿದ್ದಾನೆ. ಊರಿನ ದುಡ್ಡನ್ನು ಇಷ್ಟು ಜೋಪಾನ ಮಾಡಿದವನ ಸ್ವಂತ ಸಾಲ ತೀರಿರಲಿಲ್ಲ. 1811ರ ಜುಲೈ ತಿಂಗಳು ಅವನು ಸಾಲಕ್ಕಾಗಿ ಜೈಲಿನಲ್ಲಿದ್ದ. ಆ ಜೈಲಿನ ನಕ್ಷೆ ಹಾಕಿದವನೂ ಅವನೇ. ಆಮೇಲೆ ಜನ ಅವನನ್ನು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿದರು. ಆ ಊರಿನವರ ಮೇಲೆ ನನಗೆ ಗೌರವ ಹುಟ್ಟುವುದು ಇದನ್ನು ಓದಿದಾಗ. ದುಡ್ಡು ಕಳೆದುಕೊಂಡವನಿಗೂ ದುಡ್ಡು ಹೊಡೆದವನಿಗೂ ವ್ಯತ್ಯಾಸ ಇದೆ ಅಂತ ಅವರಿಗೆ ಗೊತ್ತಿತ್ತು.

ಇನ್ನೊಂದು ಸಂಗತಿ ಹೇಳಲೇಬೇಕು. ಬಾಸ್ಟನ್ನಿನ ಕ್ಯಾಥೊಲಿಕರು ಆಗ ಬೆರಳೆಣಿಕೆಯಷ್ಟು ಜನ, ಬಡವರು. ಊರೆಲ್ಲ ಪ್ರಾಟೆಸ್ಟೆಂಟರದ್ದೇ, ಬುಲ್‌ಫಿಂಚ್ ಕೂಡ. ಆ ಕ್ಯಾಥೊಲಿಕರು ತಮಗೊಂದು ಚರ್ಚು ಬೇಕು ಅಂತ ಹೊರಟರು. ಅವರು ಹಿಡಿದ ಜಾಗ ಇದೇ ಫ್ರಾಂಕ್ಲಿನ್ ಪ್ಲೇಸಿನ ತುದಿಯಲ್ಲಿತ್ತು. ಬುಲ್‌ಫಿಂಚ್ ಅವರಿಗೆ ನಕ್ಷೆಯನ್ನು ಪುಕ್ಕಟೆ ಮಾಡಿಕೊಟ್ಟ. 1803ರಲ್ಲಿ ಹೋಲಿ ಕ್ರಾಸ್ ಚರ್ಚು ತೆರೆಯಿತು. ಮನೆಯಲ್ಲಿ ಕಾಸಿಗೆ ಕಷ್ಟ ಇದ್ದ ಹೊತ್ತು. ತಾನು ಎಲ್ಲವನ್ನೂ ಕಳೆದುಕೊಂಡ ಬೀದಿಗೇ ದಿನಾ ಹೋಗಿ, ದುಡ್ಡು ತೆಗೆದುಕೊಳ್ಳದೆ ಕೆಲಸ ಮಾಡಿಸಬೇಕಾದರೆ ಅವನ ಮನಸ್ಸು ಎಂಥದ್ದಿರಬೇಕು. ಆ ಜನ ಬೆಳ್ಳಿಯ ದೊಡ್ಡ ಚಹಾ ಪಾತ್ರೆಯೊಂದನ್ನು ಮಾಡಿಸಿ ಅವನಿಗೆ ಕೊಟ್ಟರು.

1817ರಲ್ಲಿ ಅಧ್ಯಕ್ಷ ಜೇಮ್ಸ್ ಮನ್ರೋ ಬಾಸ್ಟನ್ನಿಗೆ ಬಂದಾಗ ಊರು ತೋರಿಸಿದವನು ಬುಲ್‌ಫಿಂಚ್. ಆ ವರ್ಷದ ಕೊನೆಗೆ ವಾಷಿಂಗ್ಟನ್ನಿನ ಕ್ಯಾಪಿಟಲ್, ಅಂದರೆ ಅಮೆರಿಕದ ಸಂಸತ್ ಭವನ ಕಟ್ಟಿಸುತ್ತಿದ್ದ ಬೆಂಜಮಿನ್ ಲಟ್ರೋಬ್ ರಾಜೀನಾಮೆ ಕೊಟ್ಟ. 1814ರಲ್ಲಿ ಇಂಗ್ಲಿಷರು ಸುಟ್ಟಿದ್ದ ಕಟ್ಟಡ, ಅರ್ಧಂಬರ್ಧ ಎದ್ದಿತ್ತು. ಮನ್ರೋ ಬುಲ್‌ಫಿಂಚ್‌ನನ್ನು ಕರೆಸಿಕೊಂಡ. ವರ್ಷಕ್ಕೆ 2,500 ಡಾಲರ್ ಸಂಬಳ. 54ನೇ ವಯಸ್ಸಿಗೆ, ಜೀವನದಲ್ಲಿ ಮೊದಲ ಸಲ, ಕಟ್ಟಡದ ಕೆಲಸಕ್ಕೆ ನೆಟ್ಟಗೆ ಬರುವ ಸಂಬಳ! ಲಟ್ರೋಬ್ ಬಿಟ್ಟುಹೋದ ನಕ್ಷೆಗಳನ್ನು ಮೊದಲು ನೋಡಿದಾಗ ತನ್ನ ಧೈರ್ಯವೇ ಕುಸಿದಂತಾಯಿತು ಅಂತ ಅವನು ಬರೆದಿದ್ದಾನೆ. ಅಷ್ಟು ಚೆನ್ನಾಗಿದ್ದವು ಅವು. ತನ್ನದೇ ಹೊಸದಾಗಿ ಮಾಡುತ್ತೇನೆ ಅಂತ ಹೊರಡದೆ, ಇದ್ದದ್ದನ್ನು ಮುಗಿಸುವ ಕೆಲಸಕ್ಕೆ ಕೂತ. ಎರಡು ರೆಕ್ಕೆಗಳನ್ನು ಸೇರಿಸುವ ನಡುಭಾಗ, ಅದರ ಗೋಲ ಸಭಾಂಗಣ, ಮೇಲೆ ಮರದ ಮೇಲೆ ತಾಮ್ರ ಹೊದಿಸಿದ ಗುಮ್ಮಟ. ಗುಮ್ಮಟ ಇನ್ನೂ ಎತ್ತರ ಬೇಕು ಅಂತ ಮಂತ್ರಿಮಂಡಳದವರು ಹಟ ಹಿಡಿದರು. ಅವನಿಗೆ ಅದು ಹಿಡಿಸಲಿಲ್ಲ, ಆದರೂ ಮಾಡಿದ. ಈಗ ಎಲ್ಲರೂ ಗುರುತಿಸುವ ಕಬ್ಬಿಣದ ಗುಮ್ಮಟ ಆಮೇಲಿನದು, ಬೇರೆಯವರದು.

1829ರಲ್ಲಿ ಆ ಹುದ್ದೆಯನ್ನೇ ತೆಗೆದುಹಾಕಿದರು. 1830ರಲ್ಲಿ ಗಂಡ ಹೆಂಡತಿ ಬಾಸ್ಟನ್ನಿಗೆ ವಾಪಸು ಬಂದರು. 1841ರಲ್ಲಿ ಹ್ಯಾನಾ ಹೋದಳು, 1844ರ ಏಪ್ರಿಲ್‌ನಲ್ಲಿ ಅವನು. ಮಗ ಥಾಮಸ್ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದುಕೊಂಡು ಗ್ರೀಕ್, ರೋಮನ್ ಪುರಾಣದ ಕತೆಗಳನ್ನು ಬರೆದು ಅಪ್ಪನಿಗಿಂತ ಜಾಸ್ತಿ ಹೆಸರು ಮಾಡಿದ. ಅಪ್ಪ ಮಕ್ಕಳನ್ನು ಯಾರನ್ನೂ ತನ್ನ ಕಸುಬಿಗೆ ತರಲಿಲ್ಲ. ಬೇಕಾದ ಕಟ್ಟಡಗಳೆಲ್ಲ ಆಗಲೇ ಕಟ್ಟಿಯಾಗಿವೆ, ಇವರಿಗೆ ಮಾಡಲು ಏನು ಉಳಿದಿದೆ ಅನ್ನುವುದು ಅವನ ವಾದ.

ಟಾಂಟೈನ್ ಕ್ರೆಸೆಂಟಿನ ಮನೆಗಳಲ್ಲಿ ಅರವತ್ತಕ್ಕೂ ಹೆಚ್ಚು ವರ್ಷ ಸಂಸಾರಗಳು ಬಾಳಿದವು. 1858ರಲ್ಲಿ ಒಡೆದು ಅಂಗಡಿ ಗೋದಾಮು ಕಟ್ಟಿದರು. 1872ರ ಮಹಾ ಬೆಂಕಿಯಲ್ಲಿ ಅವೂ ಹೋದವು. ಬಾಸ್ಟನ್ನಿಗೆ ಹೋಗುವ ಕನ್ನಡಿಗರು ಡೌನ್‌ಟೌನ್ ಕ್ರಾಸಿಂಗ್ ಸ್ಟೇಶನ್ನಿನಲ್ಲಿ ಇಳಿದು ಎರಡು ನಿಮಿಷ ನಡೆದರೆ ಫ್ರಾಂಕ್ಲಿನ್ ಬೀದಿ ಸಿಗುತ್ತದೆ. ಅದು ಇವತ್ತಿಗೂ ಅಲ್ಲಿ ಬಾಗಿದೆ, ಆ ಹಳೇ ಸಾಲು ಬಾಗಿದ ಹಾಗೇ. ಅಡ್ಡ ಬರುವ ಆರ್ಚ್ ಬೀದಿಗೆ ಹೆಸರು ಬಂದದ್ದು ಆ ಕಮಾನಿನಿಂದ. ತೋಟದ ನಡುವೆ ಇದ್ದ ಫ್ರಾಂಕ್ಲಿನ್ ಕಲಶ ಈಗ ಮೌಂಟ್ ಆಬರ್ನ್ ಸ್ಮಶಾನದಲ್ಲಿ ಬುಲ್‌ಫಿಂಚ್‌ನ ಸಮಾಧಿಯ ಮೇಲಿದೆ.

ಆ ಮನೆಗಳನ್ನು ಒಡೆದ ಹೊತ್ತಿಗೇ ಬಾಸ್ಟನ್ನಿನಲ್ಲಿ ಇನ್ನೊಂದು ಕೆಲಸ ಶುರುವಾಗಿತ್ತು. ಬ್ಯಾಕ್ ಬೇ ಅನ್ನುವ ಜೌಗು ಕೊಲ್ಲಿಯನ್ನು ತುಂಬಿಸಿ ಹೊಸ ಬಡಾವಣೆ ಮಾಡುವುದು. ನೀಡಮ್ ಊರಿನಿಂದ ರೈಲಿನಲ್ಲಿ ಜಲ್ಲಿಮಣ್ಣು ತಂದು ಸುರಿದರು. ಅದರ ಮೇಲೆ ಎದ್ದದ್ದು ಏನು ಅಂದುಕೊಂಡಿರಿ? ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಸಾಲುಮನೆಗಳು, ಬೀದಿಗೆ ಬೀದಿಯೇ. ನಡುವೆ ಮರ ನೆಟ್ಟ ಉದ್ದನೆಯ ತೋಟ. ಈ ಸಲ ಯಾರ ಮನೆಯೂ ಮುಳುಗದ ಹಾಗೆ ಏರ್ಪಾಡು ಇತ್ತು. ಅಲ್ಲಿನ ದೊಡ್ಡ ಪಾಲು ರಾಜ್ಯ ಸರ್ಕಾರದ್ದೇ. ತುಂಬಿಸಿದ ಕಂಟ್ರಾಕ್ಟರುಗಳಿಗೆ ಕೂಲಿಯ ಬದಲು ಸೈಟು ಕೊಟ್ಟರು. ಸೈಟು ಮಾರಿ ಸರ್ಕಾರಕ್ಕೂ ಒಳ್ಳೆಯ ಲಾಭ ಬಂತು. ಬುಲ್‌ಫಿಂಚ್ ಅದೇ ಸರ್ಕಾರದ ಮುಂದೆ ನಿಂತು ಸೈಟು ಕೇಳಿರಲಿಲ್ಲ, ದುಡ್ಡು ಕೇಳಿರಲಿಲ್ಲ. ಕೇಳಿದ್ದು ತನ್ನ ಕಂಪನಿಗೆ ಒಂದು ಒಪ್ಪಿಗೆ ಪತ್ರ.